ಗಾಳಿಯ ಖಾತೆಯಲ್ಲಿ ಯಾರ ಹೆಸರಿದೆ? ಭೂಮಿ ಬಿಸಿಯಾದ ಲೆಕ್ಕ ಸಿಕ್ಕಿದ ಕಥೆ

 

ಜಾಗತಿಕ ತಾಪಮಾನದ ಮಾತು ಬಂದಾಗ ಈಗ "ಭೂಮಿ ಬಿಸಿಯಾಗ್ತಾನೇ ಇಲ್ಲ" ಅನ್ನೋರು ಕಡಿಮೆ. ಬಿಸಿಲು ಎಲ್ಲರ ನೆತ್ತಿ ಮೇಲೂ ಬಿದ್ದಿದೆ. ಆದರೆ ಇನ್ನೊಂದು ಮಾತು ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಿಂದ ಟೀ ಅಂಗಡಿವರೆಗೂ ಓಡಾಡ್ತಾ ಇದೆ: "ಭೂಮಿ ಹಿಂದೆಯೂ ಬಿಸಿಯಾಗಿತ್ತು, ತಣ್ಣಗೂ ಆಗಿತ್ತು. ಈ ಸಲ ಮನುಷ್ಯನಿಂದಲೇ ಅಂತ ಹೇಗೆ ಹೇಳ್ತೀರಿ?"

ಒಳ್ಳೆ ಪ್ರಶ್ನೆ ಇದು. ವಿಜ್ಞಾನಿಗಳೇ ಈ ಪ್ರಶ್ನೆಯನ್ನ ದಶಕಗಳ ಕಾಲ ಒಬ್ಬರಿಗೊಬ್ಬರು ಕೇಳಿಕೊಂಡಿದ್ದಾರೆ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಈ ಇತಿಹಾಸ ನನಗೆ ಕಾಣೋದು ಆಡಿಟ್ ಥರ. ಗಾಳಿ ಅನ್ನೋ ಖಾತೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಬಾಕಿ ಏರ್ತಾ ಇದೆ. ಜಮೆ ಮಾಡ್ತಿರೋದು ಯಾರು? ರಸೀದಿ ಎಲ್ಲಿ? ಆ ರಸೀದಿ ಹುಡುಕಿದವರ ಕಥೆಯೇ ಇವತ್ತಿನ ಕಂತು.

ಕಂಬಳಿ ಇದೆ ಅಂತ ಗೊತ್ತಾಗಿದ್ದು

1824ರಲ್ಲಿ ಫ್ರಾನ್ಸಿನ ಜೋಸೆಫ್ ಫೋರಿಯರ್ ಒಂದು ಪ್ರಬಂಧ ಬರೆದರು. ಇಂಜಿನಿಯರಿಂಗ್ ಓದೋರಿಗೆ ಪರೀಕ್ಷೆ ಹಿಂದಿನ ರಾತ್ರಿ ನಿದ್ದೆ ಕೆಡಿಸೋ ಫೋರಿಯರ್ ಸೀರೀಸ್ ಇದೆಯಲ್ಲ, ಅದೇ ಫೋರಿಯರ್. ಅವರ ಕುತೂಹಲ ಇಷ್ಟೇ: ಸೂರ್ಯನಿಂದ ಶಾಖ ಬರುತ್ತೆ, ಭೂಮಿ ಅದನ್ನ ಮತ್ತೆ ಆಕಾಶಕ್ಕೆ ಬಿಡುತ್ತೆ. ಹಾಗಾದರೆ ಭೂಮಿ ಇಷ್ಟು ಬೆಚ್ಚಗಿರೋದಕ್ಕೆ ಕಾರಣ ಏನು? ವಾತಾವರಣವೇ ಶಾಖ ಹೊರಹೋಗೋದನ್ನ ತಡೀತಿರಬೇಕು ಅನ್ನೋ ಕಡೆಗೆ ಅವರ ಯೋಚನೆ ಹೋಯ್ತು. ಈಗಿನ ಲೆಕ್ಕದಲ್ಲಿ ಹೇಳೋದಾದರೆ, ಆ ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರ್ತಿತ್ತು. ಇರೋದು ಸುಮಾರು 15 ಡಿಗ್ರಿ ಸೆಲ್ಸಿಯಸ್.

ಕಂಬಳಿಯ ನೂಲು ಯಾವುದು? 1856ರಲ್ಲಿ ಅಮೆರಿಕದ ಯುನಿಸ್ ಫೂಟ್ ಅನ್ನೋ ಮಹಿಳೆ ಎರಡು ಗಾಜಿನ ಕೊಳವೆ, ಕೆಲವು ಥರ್ಮಾಮೀಟರ್, ಒಂದು ಗಾಳಿ ಪಂಪ್ ಇಟ್ಕೊಂಡು ಪ್ರಯೋಗ ಮಾಡಿದರು. ಬೇರೆಬೇರೆ ಅನಿಲ ತುಂಬಿ ಬಿಸಿಲಲ್ಲಿ ಇಟ್ಟರು. ಕಾರ್ಬನ್ ಡೈಆಕ್ಸೈಡ್ ತುಂಬಿದ ಕೊಳವೆ ಎಲ್ಲಕ್ಕಿಂತ ಹೆಚ್ಚು, ಸುಮಾರು 52 ಡಿಗ್ರಿವರೆಗೆ ಕಾದಿತು, ಆರೋದಕ್ಕೂ ತುಂಬಾ ಹೊತ್ತು ಹಿಡಿಯಿತು. ಗಾಳಿಯಲ್ಲಿ ಈ ಅನಿಲ ಜಾಸ್ತಿ ಇದ್ದರೆ ಭೂಮಿ ಹೆಚ್ಚು ಬಿಸಿ ಇರುತ್ತೆ ಅಂತಲೂ ಅವರು ಬರೆದರು. ಆಲ್ಬನಿ ನಗರದಲ್ಲಿ ನಡೆದ ವಿಜ್ಞಾನ ಸಮ್ಮೇಳನದಲ್ಲಿ ಅವರ ಪ್ರಬಂಧವನ್ನ ಓದಿದ್ದು ಮಾತ್ರ ಜೋಸೆಫ್ ಹೆನ್ರಿ ಅನ್ನೋ ವಿಜ್ಞಾನಿ. ಆಮೇಲೆ ಒಂದೂವರೆ ಶತಮಾನ ಫೂಟ್ ಹೆಸರನ್ನ ಹೆಚ್ಚುಕಮ್ಮಿ ಯಾರೂ ನೆನೆಯಲಿಲ್ಲ. 2011ರಲ್ಲಿ ನಿವೃತ್ತ ಭೂವಿಜ್ಞಾನಿಯೊಬ್ಬರು ಹಳೇ ಪುಸ್ತಕ ತಿರುವಿಹಾಕುವಾಗ ಆ ಹೆಸರು ಮತ್ತೆ ಬೆಳಕಿಗೆ ಬಂತು.

1859ರಲ್ಲಿ ಲಂಡನ್ನಿನ ಜಾನ್ ಟಿಂಡಾಲ್ ಇನ್ನೂ ಸೂಕ್ಷ್ಮವಾದ ಉಪಕರಣ ಕಟ್ಟಿ ಅಳೆದರು. ಗಾಳಿಯಲ್ಲಿ ಬಹುಪಾಲು ಇರೋ ನೈಟ್ರೋಜನ್, ಆಕ್ಸಿಜನ್ ಶಾಖಕ್ಕೆ ಅಡ್ಡ ಬರೋದಿಲ್ಲ, ಹಾಗೇ ಬಿಟ್ಟುಕೊಡ್ತವೆ. ಚೂರೇಚೂರು ಇರೋ ನೀರಾವಿ, ಕಾರ್ಬನ್ ಡೈಆಕ್ಸೈಡ್ ಅದನ್ನ ಹಿಡಿದಿಟ್ಟುಕೊಳ್ಳುತ್ತವೆ. "ಅಷ್ಟು ಕಡಿಮೆ ಇರೋ ಅನಿಲ ಏನು ಮಹಾ ಮಾಡುತ್ತೆ?" ಅಂತ ಕೇಳೋರಿಗೆ ಉತ್ತರ 1859ರಲ್ಲೇ ಸಿಕ್ಕಿತ್ತು. ಒಂದು ಪಾತ್ರೆ ಹಾಲಿಗೆ ಹೆಪ್ಪು ಎಷ್ಟು ಬೇಕು ಅಂತ ಮನೆಯಲ್ಲಿ ಕೇಳಿ ನೋಡಿ.

ಮೊದಲ ಅಂದಾಜು ಪಟ್ಟಿ

1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಕಾಗದ ಪೆನ್ಸಿಲ್ ಹಿಡಿದು ಸಾವಿರಾರು ಲೆಕ್ಕ ಮಾಡಿ ಒಂದು ಉತ್ತರ ಕೊಟ್ಟರು: ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ದುಪ್ಪಟ್ಟಾದರೆ ಭೂಮಿ ಸುಮಾರು 5ರಿಂದ 6 ಡಿಗ್ರಿ ಬಿಸಿಯಾಗುತ್ತೆ. ಇವತ್ತಿನ ಅತ್ಯುತ್ತಮ ಅಂದಾಜು ಸುಮಾರು 3 ಡಿಗ್ರಿ. ಕಂಪ್ಯೂಟರ್ ಇಲ್ಲದ ಕಾಲದ ಲೆಕ್ಕ, ಹೆಚ್ಚಾಯ್ತು ನಿಜ, ಆದರೆ ದಿಕ್ಕು ಸರಿಯಿತ್ತು. ಅವರ ಸಹೋದ್ಯೋಗಿ ಆರ್ವಿಡ್ ಹೋಗ್‌ಬೋಮ್ ಕಲ್ಲಿದ್ದಲಿನ ಲೆಕ್ಕ ಹಾಕಿ, ಕಾರ್ಖಾನೆಗಳು ಬಿಡ್ತಿರೋ ಕಾರ್ಬನ್ ಪ್ರಕೃತಿ ಬಿಡೋದಕ್ಕೆ ಹೋಲಿಸುವಷ್ಟಿದೆ ಅಂದಿದ್ದರು. ಆಗಿನ ವೇಗದಲ್ಲಿ ದುಪ್ಪಟ್ಟಾಗೋದಕ್ಕೆ ಸಾವಿರಾರು ವರ್ಷ ಬೇಕು ಅಂತ ಅರೇನಿಯಸ್ ನಂಬಿದ್ದರು. ಸ್ವೀಡನ್ನಿನ ಚಳಿಯಲ್ಲಿ ಕೂತವರಿಗೆ ಸ್ವಲ್ಪ ಬೆಚ್ಚಗಾದರೆ ಒಳ್ಳೇದೇ ಅನ್ನಿಸಿದ್ದೂ ಸಹಜ.

ಇಲ್ಲಿವರೆಗೂ ಇದ್ದದ್ದು "ಹೀಗಾದರೆ ಹಾಗಾಗುತ್ತೆ" ಅನ್ನೋ ಅಂದಾಜು. ನಿಜವಾಗಲೂ ಆಗ್ತಿದೆಯಾ ಅಂತ ಪುಸ್ತಕ ತೆರೆದು ನೋಡಿದವರು ಇಂಗ್ಲೆಂಡಿನ ಗೈ ಕ್ಯಾಲೆಂಡರ್. ಅವರು ಹವಾಮಾನ ಇಲಾಖೆಯವರಲ್ಲ, ಉಗಿ ಯಂತ್ರಗಳ ಮೇಲೆ ಕೆಲಸ ಮಾಡ್ತಿದ್ದ ಇಂಜಿನಿಯರ್. ಬಿಡುವಿನ ವೇಳೆಯಲ್ಲಿ ಜಗತ್ತಿನ 147 ಹವಾಮಾನ ಕೇಂದ್ರಗಳ ಹಳೇ ದಾಖಲೆ ಕೂಡಿಸಿ, ಕೈಯಲ್ಲೇ ಲೆಕ್ಕ ಮಾಡಿದರು. 1938ರಲ್ಲಿ ಲಂಡನ್ನಿನಲ್ಲಿ ಅದನ್ನ ಮಂಡಿಸಿದರು. ಹಿಂದಿನ 50 ವರ್ಷದಲ್ಲಿ ಇಂಧನ ಸುಟ್ಟು ಮನುಷ್ಯ ಸುಮಾರು 15,000 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರಿಸಿದ್ದಾನೆ, ಭೂಮಿ ಬಿಸಿಯಾಗಿದೆ, ಎರಡಕ್ಕೂ ಸಂಬಂಧ ಇದೆ. ಇದು ಅವರ ವಾದ.

ಸಭೆಯಲ್ಲಿದ್ದ ತಜ್ಞರು ಅನುಮಾನದಿಂದಲೇ ಕೇಳಿದರು. ಹೊರಗಿನವನೊಬ್ಬ ಬಂದು ನಮ್ಮ ಪುಸ್ತಕ ಆಡಿಟ್ ಮಾಡಿದರೆ ಯಾವ ಆಫೀಸಿನಲ್ಲೂ ಹಾಗೇ ಅಲ್ವಾ? ಆದರೆ 2013ರಲ್ಲಿ ಇಬ್ಬರು ಸಂಶೋಧಕರು ಕ್ಯಾಲೆಂಡರ್ ಕೈಲೆಕ್ಕವನ್ನ ಈಗಿನ ಆಧುನಿಕ ದಾಖಲೆ ಜೊತೆ ಇಟ್ಟು ನೋಡಿದಾಗ, ಎರಡೂ ಚೆನ್ನಾಗಿ ತಾಳೆಯಾದವು.

ಸಮುದ್ರ ಎಲ್ಲಾ ನುಂಗಿಬಿಡಲ್ವಾ?

ಆ ಕಾಲದಲ್ಲಿ ಕ್ಯಾಲೆಂಡರ್ ವಿರುದ್ಧ ಇದ್ದ ದೊಡ್ಡ ಆಕ್ಷೇಪ ಇದು. ಗಾಳಿಯಲ್ಲಿ ಇರೋದಕ್ಕಿಂತ ಸುಮಾರು 50 ಪಟ್ಟು ಕಾರ್ಬನ್ ಸಮುದ್ರದಲ್ಲಿದೆ. ನಾವು ಬಿಡೋ ಹೊಗೆ ಅದಕ್ಕೆ ಯಾವ ಲೆಕ್ಕ, ನುಂಗಿಬಿಡುತ್ತೆ ಅಂತ ಬಹಳಷ್ಟು ವಿಜ್ಞಾನಿಗಳು ನಂಬಿದ್ದರು.

ಇಲ್ಲಿ ಸಿಕ್ಕಿದ್ದು ಮೊದಲ ರಸೀದಿ. ಕಾರ್ಬನ್‌ನಲ್ಲಿ ಒಂದು ವಿಧ ಇದೆ, ಕಾರ್ಬನ್-14. ಜೀವ ಇರೋ ಗಿಡ, ಮರ, ಪ್ರಾಣಿ ಎಲ್ಲದರಲ್ಲೂ ಇದು ಅತಿ ಸ್ವಲ್ಪ ಇರುತ್ತೆ. ಸತ್ತ ಮೇಲೆ ನಿಧಾನವಾಗಿ ಕರಗುತ್ತೆ, ಸುಮಾರು 5,730 ವರ್ಷಕ್ಕೆ ಅರ್ಧ ಆಗುತ್ತೆ. ಕಲ್ಲಿದ್ದಲು, ಪೆಟ್ರೋಲು ಕೋಟ್ಯಂತರ ವರ್ಷ ಹಳೇದು. ಅದರಲ್ಲಿ ಕಾರ್ಬನ್-14 ಉಳಿದೇ ಇಲ್ಲ. ಅಂದರೆ ಕಲ್ಲಿದ್ದಲಿನ ಹೊಗೆ ಗಾಳಿಗೆ ಸೇರಿದಷ್ಟೂ, ಗಾಳಿಯಲ್ಲಿ ಕಾರ್ಬನ್-14ರ ಪಾಲು ತೆಳುವಾಗಬೇಕು. ಹಾಲಿಗೆ ನೀರು ಬೆರೆಸಿದ ಹಾಗೆ.

1955ರಲ್ಲಿ ಹಾನ್ಸ್ ಸೂಸ್ ಮರದ ಬಳೆಗಳಲ್ಲಿ ಇದನ್ನೇ ಹುಡುಕಿದರು. ಮರ ಪ್ರತಿ ವರ್ಷ ಒಂದು ಬಳೆ ಕಟ್ಟುತ್ತೆ, ಆ ವರ್ಷದ ಗಾಳಿಯ ಗುರುತು ಅದರಲ್ಲಿ ಉಳಿಯುತ್ತೆ. ಹಳೇ ಬಳೆಗಳಿಗಿಂತ ಹೊಸ ಬಳೆಗಳಲ್ಲಿ ಕಾರ್ಬನ್-14 ಕಡಿಮೆ ಇತ್ತು. ನೆಲದಡಿಯ ಹಳೇ ಕಾರ್ಬನ್ ಗಾಳಿಗೆ ಬಂದಿತ್ತು. 1957ರಲ್ಲಿ ಸೂಸ್ ಮತ್ತು ರೋಜರ್ ರೆವೆಲ್ ಸೇರಿ ಬರೆದ ಪ್ರಬಂಧದಲ್ಲಿ, ಸಮುದ್ರದ ನೀರಿನ ರಸಾಯನವೇ ಹೆಚ್ಚು ಕಾರ್ಬನ್ ಒಳಗೆ ಬಿಟ್ಟುಕೊಳ್ಳದ ಹಾಗಿದೆ ಅನ್ನೋ ಸೂಚನೆಯೂ ಇತ್ತು. ಇವತ್ತು ನಮಗೆ ಗೊತ್ತು: ನಾವು ಬಿಡೋದರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಗಾಳಿಯಲ್ಲೇ ಉಳಿಯುತ್ತೆ. ಉಳಿದದ್ದನ್ನ ಸಮುದ್ರ ಮತ್ತು ಕಾಡುಗಳು ಹಂಚಿಕೊಳ್ಳುತ್ತವೆ.

ದಿನಾ ಕಿರ್ದಿ ಬರೆದ ಮನುಷ್ಯ

ಹಳೇ ಅಂಗಡಿಗಳಲ್ಲಿ ಕಿರ್ದಿ ಪುಸ್ತಕ ಅಂತ ಇರ್ತಿತ್ತು. ವ್ಯಾಪಾರ ಆಗಲಿ ಬಿಡಲಿ, ದಿನಾ ಸಂಜೆ ಬರೀಬೇಕು. ಗಾಳಿಗೆ ಅಂಥ ಪುಸ್ತಕ ಇಟ್ಟವರು ಚಾರ್ಲ್ಸ್ ಡೇವಿಡ್ ಕೀಲಿಂಗ್. ರೆವೆಲ್ ಅವರೇ ಈ ಯುವಕನನ್ನ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಗೆ ಕರೆತಂದಿದ್ದು. 1958ರ ಮಾರ್ಚ್‌ನಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ, ಕೀಲಿಂಗ್ ಅವರ ಅಳತೆ ಶುರುವಾಯ್ತು. ಊರು, ಕಾರ್ಖಾನೆ, ಕಾಡು ಎಲ್ಲದರಿಂದ ದೂರದ ಶುದ್ಧ ಗಾಳಿ ಬೇಕಿತ್ತು, ಅದಕ್ಕೇ ಅಲ್ಲಿ. ಯಂತ್ರ ಕೆಲಸ ಮಾಡೋದು ಟಿಂಡಾಲ್ ಕಂಡುಕೊಂಡ ಗುಣದ ಮೇಲೆಯೇ: ಕಾರ್ಬನ್ ಡೈಆಕ್ಸೈಡ್ ಶಾಖದ ಕಿರಣ ಎಷ್ಟು ನುಂಗಿತು ಅಂತ ನೋಡಿದರೆ ಅದು ಎಷ್ಟಿದೆ ಅಂತ ಗೊತ್ತಾಗುತ್ತೆ.

ಮೊದಲ ಅಂಕಿ ಸುಮಾರು 313 ಪಿಪಿಎಂ. ಹತ್ತು ಲಕ್ಷ ಕಣದಲ್ಲಿ 313 ಅಂತ ಅರ್ಥ. ಬೇಸಿಗೆಯಲ್ಲಿ ಉತ್ತರ ಗೋಳಾರ್ಧದ ಗಿಡಮರ ಚಿಗುರಿ ಬೆಳೆಯುವಾಗ ಅಂಕಿ ಇಳಿಯುತ್ತೆ, ಎಲೆ ಉದುರಿ ಕೊಳೆಯುವಾಗ ಏರುತ್ತೆ. ಭೂಮಿ ವರ್ಷಕ್ಕೊಂದು ಸಲ ಉಸಿರಾಡಿದ ಹಾಗೆ. ಆದರೆ ಪ್ರತಿ ವರ್ಷದ ಕೊನೆಗೆ ಬಾಕಿ ಮಾತ್ರ ಹಿಂದಿನ ವರ್ಷಕ್ಕಿಂತ ಜಾಸ್ತಿ. 1960ರಲ್ಲೇ ಕೀಲಿಂಗ್ ಈ ಏರಿಕೆಯನ್ನ ಪ್ರಕಟಿಸಿದರು.

ಇಂಥ ಕೆಲಸಕ್ಕೆ ದುಡ್ಡು ಕೊಡೋರು ಬೇಗ ಬೇಜಾರಾಗ್ತಾರೆ. "ಏರ್ತಿದೆ ಅಂತ ಗೊತ್ತಾಯ್ತಲ್ಲ, ಇನ್ನೂ ಯಾಕೆ ಅಳೀತೀರಿ?" 1964ರಲ್ಲಿ ಅನುದಾನ ಕಡಿತದಿಂದ ಕೆಲವು ತಿಂಗಳು ಅಳತೆ ನಿಂತೇ ಹೋಯ್ತು. ಇವತ್ತಿಗೂ ಆ ನಕ್ಷೆಯಲ್ಲಿ 1964ರ ಹತ್ತಿರ ಒಂದು ಚಿಕ್ಕ ಖಾಲಿ ಜಾಗ ಇದೆ. ಕೀಲಿಂಗ್ ಜೀವನಪೂರ್ತಿ ಅನುದಾನಕ್ಕಾಗಿ ಗುದ್ದಾಡಿದರು, 2005ರಲ್ಲಿ ತೀರಿಕೊಂಡರು. ಈಗ ಆ ಪುಸ್ತಕ ಬರೀತಿರೋದು ಅವರ ಮಗ ರಾಲ್ಫ್ ಕೀಲಿಂಗ್. 2024ರ ವಾರ್ಷಿಕ ಸರಾಸರಿ 424 ಪಿಪಿಎಂ ದಾಟಿದೆ. ಕಾರ್ಖಾನೆಗಳ ಯುಗಕ್ಕೆ ಮೊದಲು ಇದ್ದದ್ದು ಸುಮಾರು 280. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಹಾಕಿಕೊಂಡ ಹಳೇ ಗಾಳಿಯ ಗುಳ್ಳೆಗಳನ್ನ ಅಳೆದರೆ, ಹಿಂದಿನ 8 ಲಕ್ಷ ವರ್ಷದಲ್ಲಿ ಈ ಅಂಕಿ 300ರ ಆಸುಪಾಸು ದಾಟಿದ್ದೇ ಇಲ್ಲ. "ಹಿಂದೆಯೂ ಹೀಗೆ ಆಗಿತ್ತು" ಅನ್ನೋರು ಈ 8 ಲಕ್ಷ ವರ್ಷದ ಪುಟಗಳನ್ನ ಒಮ್ಮೆ ತಿರುವಿ ನೋಡಬೇಕು.

ಜಮಾ ಒಂದು ಕಡೆ, ಖರ್ಚು ಇನ್ನೊಂದು ಕಡೆ

ಈಗ ಜಾಣ ವಕೀಲರೊಬ್ಬರು ಎದ್ದು ನಿಂತರು ಅಂದುಕೊಳ್ಳಿ. "ಸ್ವಾಮಿ, ಜ್ವಾಲಾಮುಖಿಯ ಕಾರ್ಬನ್ ಕೂಡ ಹಳೇದೇ. ಅದರಲ್ಲೂ ಕಾರ್ಬನ್-14 ಇಲ್ಲ. ಹಾಗಾದರೆ ಅದೇ ಯಾಕಾಗಿರಬಾರದು?"

ಸರಿಯಾದ ಪ್ರಶ್ನೆ. ಉತ್ತರ ಡಬಲ್ ಎಂಟ್ರಿಯಲ್ಲಿದೆ. ಏನನ್ನಾದರೂ ಸುಟ್ಟರೆ ಆಕ್ಸಿಜನ್ ಖರ್ಚಾಗುತ್ತೆ, ಕಾರ್ಬನ್ ಡೈಆಕ್ಸೈಡ್ ಜಮೆಯಾಗುತ್ತೆ. ಜ್ವಾಲಾಮುಖಿಯಿಂದ ಬಂದರೆ ಆಕ್ಸಿಜನ್ ಹಾಗೆ ಖರ್ಚಾಗೋದಿಲ್ಲ. ಸಮುದ್ರದಿಂದ ಹೊರಬಂದರೂ ಅಷ್ಟೇ. ರಾಲ್ಫ್ ಕೀಲಿಂಗ್ ಗಾಳಿಯ ಆಕ್ಸಿಜನ್ ಅನ್ನು ಅತಿ ಸೂಕ್ಷ್ಮವಾಗಿ ಅಳೆಯೋ ವಿಧಾನ ರೂಪಿಸಿ, 1980ರ ದಶಕದ ಕೊನೆಯಿಂದ ಅಳೀತಾ ಬಂದಿದ್ದಾರೆ. ಆಕ್ಸಿಜನ್ ಇಳೀತಾ ಇದೆ. ಹೆದರಬೇಡಿ, ಉಸಿರುಕಟ್ಟುವಷ್ಟಲ್ಲ, ಚೂರೇ ಚೂರು. ಆದರೆ ಅದು ಸುಟ್ಟ ಇಂಧನದ ಲೆಕ್ಕಕ್ಕೆ ಹೊಂದುತ್ತೆ. ಜೊತೆಗೆ, ಜಗತ್ತಿನ ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಬಿಡೋ ಕಾರ್ಬನ್ ಡೈಆಕ್ಸೈಡ್ ಮನುಷ್ಯ ಬಿಡೋದರ ನೂರರಲ್ಲಿ ಒಂದು ಪಾಲಷ್ಟೂ ಇಲ್ಲ.

ಇನ್ನೊಬ್ಬ ಅನುಮಾನಿತ ಸೂರ್ಯ. ಸೂರ್ಯನೇ ಜಾಸ್ತಿ ಕಾಯ್ತಿದ್ದರೆ ವಾತಾವರಣದ ಕೆಳಗಿನ ಪದರ, ಮೇಲಿನ ಪದರ ಎರಡೂ ಬಿಸಿಯಾಗಬೇಕು. ಕಂಬಳಿ ದಪ್ಪ ಆಗಿದ್ದರೆ ಕೆಳಗೆ ಬಿಸಿ, ಮೇಲೆ ತಂಪು. 1967ರಲ್ಲೇ ಸುಕುರೋ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಕಂಪ್ಯೂಟರ್ ಲೆಕ್ಕದಲ್ಲಿ ಇದನ್ನ ತೋರಿಸಿದ್ದರು. ಆಮೇಲೆ ಅಳೆದಾಗ ಕಂಡಿದ್ದೂ ಅದೇ: ಕೆಳಗೆ ಬಿಸಿ, ಮೇಲೆ ತಂಪು. ಉಪಗ್ರಹಗಳು 1970ರ ದಶಕದ ಕೊನೆಯಿಂದ ನೇರವಾಗಿ ಅಳೀತಿವೆ, ಸೂರ್ಯನ ಶಾಖ ಏರುಮುಖವಾಗಿಲ್ಲ. ಮನಾಬೆಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾಲು ಸಿಕ್ಕಿತು.

ಬೆಂಗಳೂರಿಗೂ ಒಂದು ಕೊಂಡಿ

ಈ ಇತಿಹಾಸದಲ್ಲಿ ನಮ್ಮ ಬೆಂಗಳೂರೂ ಬರುತ್ತೆ. ವೀರಭದ್ರನ್ ರಾಮನಾಥನ್ ತಮಿಳುನಾಡಿನವರು. 11ನೇ ವಯಸ್ಸಿನಲ್ಲಿ ಮನೆಯವರ ಜೊತೆ ಬೆಂಗಳೂರಿಗೆ ಬಂದರು. ತಮಿಳು ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬಿದ್ದು, ಮೇಷ್ಟ್ರು ಹೇಳೋದು ತಲೆಗೆ ಹೋಗದೆ, ತಾವೇ ಯೋಚಿಸಿ ಕಲಿಯೋ ಅಭ್ಯಾಸ ಆಯ್ತು ಅಂತ ಅವರು ಹೇಳಿಕೊಂಡಿದ್ದಾರೆ. ಇಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಒಂದು ಫ್ರಿಜ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಅವರ ತಲೆನೋವು ಫ್ರಿಜ್‌ನಿಂದ ಅನಿಲ ಸೋರೋದು. ಅಲ್ಲಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿಂದ ಅಮೆರಿಕ.

1975ರಲ್ಲಿ ರಾಮನಾಥನ್ ತೋರಿಸಿದ್ದು ಏನು ಗೊತ್ತಾ? ಫ್ರಿಜ್, ಸ್ಪ್ರೇ ಡಬ್ಬಿಗಳಲ್ಲಿ ಬಳಸ್ತಿದ್ದ ಸಿಎಫ್‌ಸಿ ಅನಿಲದ ಒಂದು ಕಣ, ಕಾರ್ಬನ್ ಡೈಆಕ್ಸೈಡಿನ ಸುಮಾರು 10,000 ಕಣಗಳಷ್ಟು ಶಾಖ ಹಿಡಿಯಬಲ್ಲದು ಅಂತ. ಕಾರ್ಖಾನೆಯಲ್ಲಿ ಸೋರ್ತಿದ್ದ ಅನಿಲದ ಜಾತಿಯೇ ಅದು. ಸಿಎಫ್‌ಸಿ ಮನುಷ್ಯ ತಯಾರಿಸಿದ್ದು, ಆದ್ದರಿಂದ ಅದು ಯಾರದ್ದು ಅಂತ ರಸೀದಿ ಹುಡುಕೋ ಕೆಲಸವೇ ಇರಲಿಲ್ಲ. ಓಝೋನ್ ಪದರಕ್ಕೂ ಅದು ಮಾರಕ ಅಂತ ಗೊತ್ತಾದ ಮೇಲೆ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯ್ತು. ದೇಶಗಳು ಒಂದೊಂದಾಗಿ ಸಿಎಫ್‌ಸಿ ನಿಲ್ಲಿಸಿದವು, ಗಾಳಿಯಲ್ಲಿ ಅದರ ಪ್ರಮಾಣ ಇಳೀತಾ ಬಂತು. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಹಾಗಾದರೆ "ಮನುಷ್ಯ" ಅಂದರೆ ಯಾರು?

ಇಷ್ಟೆಲ್ಲ ಗೊತ್ತಾಗಿ ಏನಾಯ್ತು? 1965ರಲ್ಲೇ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ವಿಜ್ಞಾನ ಸಲಹಾ ಸಮಿತಿ ಕೊಟ್ಟ ವರದಿಯಲ್ಲಿ ಈ ವಿಷಯ ಇತ್ತು. 1977ರಲ್ಲಿ ಎಕ್ಸಾನ್ ತೈಲ ಕಂಪನಿಯ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ತಮ್ಮ ಕಂಪನಿಯ ಮುಖ್ಯಸ್ಥರಿಗೇ ಇದನ್ನ ವಿವರಿಸಿದ್ದರು. ಆಮೇಲಿನ ವರ್ಷಗಳಲ್ಲಿ ಕಂಪನಿ ಹೊರಗೆ ಮಾತ್ರ "ಇನ್ನೂ ಖಚಿತ ಇಲ್ಲ" ಅಂತಲೇ ಒತ್ತಿ ಹೇಳ್ತಿತ್ತು. 1988ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಐಪಿಸಿಸಿ ಹುಟ್ಟಿತು. ಅದರ ಭಾಷೆ ಆಡಿಟರ್ ಭಾಷೆ, ಒಂದೊಂದು ಪದವನ್ನೂ ತೂಗಿ ಬರೀತಾರೆ. 1995ರಲ್ಲಿ ಮನುಷ್ಯನ ಪ್ರಭಾವ "ಗುರುತಿಸಬಹುದು" ಅನ್ನೋ ಅರ್ಥದ ಮಾತು. 2007ರಲ್ಲಿ "ಬಹಳ ಸಂಭವ". 2013ರಲ್ಲಿ "ಅತ್ಯಂತ ಸಂಭವ". 2021ರಲ್ಲಿ "ನಿಸ್ಸಂದೇಹ".

ಆದರೆ "ಮನುಷ್ಯ" ಅಂತ ಒಂದೇ ಹೆಸರಿನಲ್ಲಿ ಖಾತೆ ಬರೆದರೆ ಅದೂ ಪೂರ್ತಿ ಸತ್ಯ ಅಲ್ಲ. ಇಲ್ಲಿವರೆಗೆ ಇಂಧನ ಸುಟ್ಟು ಗಾಳಿಗೆ ಸೇರಿಸಿದ ಒಟ್ಟು ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದ್ದೇ. ಜಗತ್ತಿನ ಆರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇರೋ ಭಾರತದ ಪಾಲು ಶೇಕಡ 3ರಿಂದ 4ರ ಆಸುಪಾಸು. ಹಾಗಂತ ನಾವು ಕೈತೊಳೆದುಕೊಳ್ಳೋ ಹಾಗೂ ಇಲ್ಲ. ವಾರ್ಷಿಕ ಲೆಕ್ಕದಲ್ಲಿ ಭಾರತ ಇವತ್ತು ಮೂರನೇ ಸ್ಥಾನದಲ್ಲಿದೆ. ನೀವು ಇದನ್ನ ಕೇಳ್ತಿರೋ ಫೋನಿನ ಚಾರ್ಜಿನಲ್ಲಿ ಪಾವಗಡದ ಬಿಸಿಲೂ ಇರಬಹುದು, ರಾಯಚೂರು, ಬಳ್ಳಾರಿಯಲ್ಲಿ ಉರಿಯೋ ಕಲ್ಲಿದ್ದಲೂ ಇರಬಹುದು.

ಇನ್ನೊಂದು ವಿಷಯ, ಕಾಮರ್ಸ್ ಓದಿದವರಿಗೆ ಬೇಗ ಹೊಳೆಯೋದು. ತಿಂಗಳಿಗೆ 10,000 ರೂಪಾಯಿ ಸಾಲ ಮಾಡ್ತಿದ್ದವನು "ಈ ತಿಂಗಳು 9,000 ಮಾತ್ರ ಮಾಡಿದೆ" ಅಂದರೆ ಸಾಲ ಕಡಿಮೆಯಾಯ್ತಾ? ಇಲ್ಲ, ಏರೋ ವೇಗ ಕಡಿಮೆಯಾಯ್ತು ಅಷ್ಟೇ. ಗಾಳಿಗೆ ಸೇರಿದ ಕಾರ್ಬನ್ ಡೈಆಕ್ಸೈಡಿನ ಒಂದು ದೊಡ್ಡ ಪಾಲು ನೂರಾರು ವರ್ಷ ಅಲ್ಲೇ ಇರುತ್ತೆ. ಅದಕ್ಕೇ ದೇಶಗಳು ನೆಟ್ ಝೀರೋ ಅಂತ ಮಾತಾಡೋದು: ಹೊಸ ಸಾಲ ಸೊನ್ನೆಗೆ ಬರೋವರೆಗೂ ಬಿಸಿ ಏರ್ತಾನೇ ಇರುತ್ತೆ. ಭಾರತ ಅದಕ್ಕೆ ಇಟ್ಟುಕೊಂಡಿರೋ ಗಡುವು 2070. ಇವತ್ತು ಇಪ್ಪತ್ತರ ಆಸುಪಾಸಿನಲ್ಲಿರೋ ಕೇಳುಗರು ಆಗ ಅರವತ್ತು ದಾಟಿರ್ತಾರೆ. ಈ ಗಡುವಿನವರೆಗಿನ ಪ್ರತಿ ಬೇಸಿಗೆಯೂ ನಿಮ್ಮದೇ.

ಮೊದಲಿನ ಪ್ರಶ್ನೆಗೆ ಉತ್ತರ ಹೇಳಿ ಮುಗಿಸ್ತೀನಿ. ಮನುಷ್ಯನಿಂದಲೇ ಅಂತ ಹೇಗೆ ಗೊತ್ತು? ಕಾರ್ಬನ್‌ನ ವಯಸ್ಸು ಹೇಳುತ್ತೆ, ಇಳಿದ ಆಕ್ಸಿಜನ್ ಹೇಳುತ್ತೆ, ತಂಪಾದ ಮೇಲಿನ ಪದರ ಹೇಳುತ್ತೆ, 1958ರಿಂದ ಬರೆದ ಕಿರ್ದಿ ಹೇಳುತ್ತೆ. ಬೇರೆಬೇರೆ ಪುಸ್ತಕ, ಒಂದೇ ಸಹಿ. ಇದನ್ನ ಕೇಳಿ ಕೆಲವರಿಗೆ ಯಾರೋ ಬೈದ ಹಾಗೆ ಅನ್ನಿಸುತ್ತೆ. ನನಗೆ ಹಾಗನ್ನಿಸೋದಿಲ್ಲ. ತಪ್ಪು ಸೂರ್ಯನದ್ದಾಗಿದ್ದರೆ ನಾವು ಏನೂ ಮಾಡೋ ಹಾಗಿರಲಿಲ್ಲ, ಕೊಡೆ ಹಿಡಿದು ಕೂರಬೇಕಿತ್ತು. ಖಾತೆ ನಮ್ಮ ಹೆಸರಿನಲ್ಲಿ ಇರೋದರಿಂದಲೇ ಅದನ್ನ ಮುಚ್ಚೋ ಅಧಿಕಾರವೂ ನಮಗಿದೆ. ಸಿಎಫ್‌ಸಿ ಖಾತೆಯನ್ನ ಒಂದು ಸಲ ಹಾಗೆ ಮುಚ್ಚಿ ತೋರಿಸಿದ್ದೀವಿ. ಕಲ್ಲಿದ್ದಲು, ಎಣ್ಣೆಯ ಖಾತೆ ಅದಕ್ಕಿಂತ ಎಷ್ಟೋ ದೊಡ್ಡದು, ಅದರ ಮೇಲೆ ಕೋಟ್ಯಂತರ ಜನರ ಅನ್ನವೂ ನಿಂತಿದೆ. ಸುಲಭ ಅಂತ ನಾನು ಹೇಳೋದಿಲ್ಲ. ಆದರೆ ಲೆಕ್ಕ ಸಿಕ್ಕಿಲ್ಲ ಅನ್ನೋ ನೆಪ ಇನ್ನು ನಡೆಯಲ್ಲ.

ಈ ಕಂತನ್ನ ಆ ಪ್ರಶ್ನೆ ಕೇಳೋ ನಿಮ್ಮ ಚಿಕ್ಕಪ್ಪನಿಗೋ, ದೊಡ್ಡಮ್ಮನಿಗೋ ಕಳಿಸಿ. ಜಗಳ ಆಡಬೇಡಿ, ಪುಸ್ತಕ ತೋರಿಸಿ.